ಚೀರುವ ಬೇರು, ಮೂಕ ಜೀವ

ವಸ್ತುವಿನ ಹೆಸರಿನಲ್ಲಿ ಅದರ ಗುಣದೊಡನೆ ಹೆಸರಿಟ್ಟವರ ಮನೋಭಾವವೂ ಅಡಗಿರುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಾದಿಬದಿಯಲ್ಲಿ ನೆಲಕ್ಕೆ ಹಬ್ಬಿ ಬೆಳೆಯುವ ಪುಟ್ಟ ಮುಳ್ಳುಗಿಡವೊಂದಕ್ಕೆ ‘ಮುಟ್ಟಿದರೆ ಮುನಿ’ ಎಂದು ಹೆಸರು. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡವಾದರೂ ಹೆಸರು ಅಚ್ಚಗನ್ನಡದ್ದು. ಬೆರಳು ತಗುಲಿದೊಡನೆ ಎಲೆ ಮಡಚಿಕೊಳ್ಳುವುದನ್ನು ಕಂಡ ಜನರು ಅದಕ್ಕೂ ಮುನಿಸುಂಟೆಂದು ಭಾವಿಸಿದರು.

ಇದಕ್ಕಿಂತ ಘೋರವಾದ ಕಥೆಯನ್ನು ಹೊತ್ತ ಸಸ್ಯವೊಂದು ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿದೆ. ಗ್ರೀಕರು ಅದನ್ನು ಮಂದ್ರಗೋರಸ್ ಎಂದರು. ಇಂಗ್ಲಿಷರ ಬಾಯಲ್ಲಿ ಅದು ಮ್ಯಾಂಡ್ರೇಕ್ ಎಂದಾಗಿ, ಪದದ ಆದಿಯಲ್ಲಿ ‘ಮನುಷ್ಯ’ ಎಂಬರ್ಥ ಕೇಳಿಸತೊಡಗಿತು. ಪಾರಸಿ ಭಾಷೆಯಲ್ಲಿಯೂ ಅದು ‘ಮರ್ದುಮ್ ಗಿಯಾಹ್’, ಎಂದರೆ ಮನುಷ್ಯಸಸ್ಯ. ಕವಲೊಡೆದ ಅದರ ಬೇರು ಕೈಕಾಲುಗಳುಳ್ಳ ಮಾನವಾಕೃತಿಯಂತೆ ತೋರುವುದೇ ಇದಕ್ಕೆ ಕಾರಣ. ನಮ್ಮ ದತ್ತೂರ, ಅಶ್ವಗಂಧಗಳ ಕುಲಕ್ಕೆ ಸೇರಿದ ಈ ಸಸ್ಯವನ್ನು ಪ್ರಾಚೀನ ಗ್ರೀಕ್ ವೈದ್ಯರು ಶಸ್ತ್ರಕ್ರಿಯೆಗೆ ಮುನ್ನ ನೋವು ತಿಳಿಯದಿರಲೆಂದು ಕೊಡುತ್ತಿದ್ದರು.

ಇದನ್ನು ಕಿತ್ತರೆ ಬೇರು ಚೀರುತ್ತದೆ, ಆ ಚೀರಾಟ ಕೇಳಿದವನು ಸಾಯುತ್ತಾನೆ ಎಂದು ಜನರು ನಂಬಿದ್ದರು. ಅದಕ್ಕಾಗಿ ಒಂದು ಉಪಾಯವನ್ನೂ ಹೂಡಿದರು. ಬುಡದ ಮಣ್ಣನ್ನು ಸಡಿಲಿಸಿ, ಗಿಡಕ್ಕೆ ನಾಯಿಯೊಂದನ್ನು ಕಟ್ಟಿ, ಯಜಮಾನನು ದೂರ ಸರಿಯಬೇಕು. ಅವನೆಡೆಗೆ ನಾಯಿ ಓಡುವಾಗ ಬೇರು ಕಿತ್ತುಬರುತ್ತದೆ. ನಾಯಿ ಸಾಯುತ್ತದೆ, ಯಜಮಾನ ಉಳಿಯುತ್ತಾನೆ. ಪಾರಸಿಯಲ್ಲಿ ಈ ಸಸ್ಯಕ್ಕಿರುವ ಮತ್ತೊಂದು ಹೆಸರಾದ ‘ಸಗ್‌ಕನ್’ ಎಂಬುದರಲ್ಲಿ ನಾಯಿಯಿಂದ ಅಗೆಸಿದ್ದು ಎಂಬ ಭಾವವಿದೆ. ತಾನೂ ತನ್ನ ಸೇವಕರೂ ಇಂತಹ ಬೇರುಗಳನ್ನು ಹಲವು ಬಾರಿ ಅಗೆದು ನೆಟ್ಟರೂ ಏನೂ ಆಗಲಿಲ್ಲವೆಂದು ಜಾನ್ ಜೆರಾರ್ಡ್ ಎಂಬ ಇಂಗ್ಲಿಷ್ ಸಸ್ಯಜ್ಞನು 1597ರ ತನ್ನ ಗ್ರಂಥದಲ್ಲಿ ಬರೆದನು. ಕಥೆ ಸುಳ್ಳಾಯಿತು. ಆದರೆ ಅದರಲ್ಲಿರುವ ಧರ್ಮಪ್ರಶ್ನೆ ಉಳಿಯಿತು.

ಜಿನಾಗಮದ ಪ್ರಕಾರ ವನಸ್ಪತಿಕಾಯವು ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ 4 ಪ್ರಾಣಗಳು ಮಾತ್ರ ಅದಕ್ಕುಂಟು. ವಚನಬಲವು ದ್ವೀಂದ್ರಿಯದಿಂದ ಮೇಲಿನ ಜೀವಗಳಿಗೆ. ಆದಕಾರಣ ಬೇರು ಚೀರದು. ಮನುಷ್ಯನ ರೂಪ, ಮನುಷ್ಯನ ಕೂಗು ಇದ್ದರೆ ಮಾತ್ರ ಮನುಷ್ಯನು ಅಂಜುತ್ತಾನೆ ಎಂಬುದನ್ನು ಮ್ಯಾಂಡ್ರೇಕಿನ ಕಥೆ ತೋರುತ್ತದೆ. ಆ ಅಂಜಿಕೆಯೂ ತನ್ನ ಪ್ರಾಣದ ಕುರಿತಾದುದು. ಬೇರಿನ ಮೇಲಣ ಕರುಣೆಯಿಂದ ಹುಟ್ಟಿದುದಲ್ಲ. ಅಹಿಂಸೆಯಾದರೋ ಕೂಗಲಾರದ ಜೀವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇನ್ನು ನಾಯಿಯ ವಿಚಾರ. ಏಕೇಂದ್ರಿಯ ಜೀವವೊಂದನ್ನು ಪಡೆಯಲು ಪಂಚೇಂದ್ರಿಯ ಜೀವವೊಂದನ್ನು ಬಲಿಗೊಟ್ಟು, ತನ್ನ ಕೈ ಶುದ್ಧವೆಂದು ಯಜಮಾನನು ತಿಳಿದನು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇಂತಹ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದಕ್ಕೆ ಒಪ್ಪಿದ್ದು ಎಂಬ ಮೂರನ್ನೂ ಅದು ಎಣಿಸುತ್ತದೆ. ಸಂರಂಭಾದಿ ಮೂರು, ಯೋಗ ಮೂರು, ಕಷಾಯ ನಾಲ್ಕು ಇವುಗಳೊಡನೆ ಗುಣಿಸಿದಾಗ 108 ಭೇದಗಳಾಗುತ್ತವೆ. ಕಾರಿತವೂ ಕೃತದ ಪಕ್ಕದಲ್ಲಿಯೇ ಕುಳಿತಿದೆ.

ಇದು ದೂರದೇಶದ ಹಳೆಯ ಕಥೆಯೆಂದು ಸುಮ್ಮನಾಗುವಂತಿಲ್ಲ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ಔಷಧವಸ್ತುವನ್ನು ಬೇರ್ಪಡಿಸಲಾಯಿತು. ಬೇಡಿಕೆ ಏರಿತು, ಕಾಡಿನ ಗಿಡ ವಿರಳವಾಯಿತು. ಇಂದು ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿದೆ. ಬೇರನ್ನು ಅಗೆದಲ್ಲಿ ಗಿಡವೇ ಮುಗಿಯಿತು. ಪೇಟೆಯಲ್ಲಿ ಬೇರಿನ ಪುಡಿ ಕೊಳ್ಳುವವನ ಉಗುರಿಗೆ ಮಣ್ಣು ತಾಗುವುದಿಲ್ಲ. ಅಗೆಯುವವನು ಕೂಲಿಗಾಗಿ ಕಾಡು ಹೊಕ್ಕ ಬಡವ. ಕಂದಮೂಲ ತ್ಯಜಿಸಿದ ಶ್ರಾವಕನೂ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ?

ಹಾಗಾದರೆ ರೋಗಿ ಔಷಧವನ್ನೇ ಬಿಡಬೇಕೆ ಎಂಬ ಆಕ್ಷೇಪ ಸಹಜವೇ. ಸ್ಥಾವರ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುವುದು ಗೃಹಸ್ಥನಿಗೆ ಸಾಧ್ಯವಿಲ್ಲ. ನಿಷ್ಪ್ರಯೋಜಕವಾದುದನ್ನು ಬಿಡುವುದು ಅವನ ಅಣುವ್ರತ. ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದೆ ವೈದ್ಯಶಾಸ್ತ್ರವನ್ನು ನಿರೂಪಿಸಿ, ಚಿಕಿತ್ಸೆಯಲ್ಲಿಯೂ ಸಂಯಮ ಸಾಧ್ಯವೆಂದು ತೋರಿಸಿದರು. ಎಲೆ ಸಾಕಾದಲ್ಲಿ ಬೇರು ಬೇಡ. ಬೇರೇ ಬೇಕಾದಲ್ಲಿ ಕಾಡಿನದನ್ನು ಬಿಟ್ಟು ನೆಟ್ಟು ಬೆಳೆದುದನ್ನು, ಅಗತ್ಯವಿದ್ದಷ್ಟೇ ತರಬಹುದು.

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ, ಶರಾವತಿಯ ದಡದ ಕಾಡಿನ ನಡುವೆ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. 16ನೆಯ ಶತಮಾನದಲ್ಲಿ ಅಲ್ಲಿ ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದರು. ಆ ಸಂಪತ್ತು ಬಂದುದು ಬಳ್ಳಿಯಿಂದ ಗೊಂಚಲನ್ನು ಮಾತ್ರ ಕೊಯ್ದು, ಬೇರನ್ನು ಮರುವರ್ಷಕ್ಕೆ ಉಳಿಸುವ ಬೆಳೆಯಿಂದ. ಷಡ್ಲೇಶ್ಯೆಯ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಹಸಿದ ಆರು ಜನರಲ್ಲಿ ಕೃಷ್ಣಲೇಶ್ಯೆಯವನು ನೇರಳೆಯ ಮರವನ್ನು ಬುಡಸಹಿತ ಕೀಳಲು ಹೊರಟನು. ಶುಕ್ಲಲೇಶ್ಯೆಯವನು ಕೆಳಗೆ ಬಿದ್ದ ಹಣ್ಣನ್ನು ಆಯ್ದುಕೊಂಡನು. ಇಬ್ಬರ ಹಸಿವೂ ಒಂದೇ ಆಗಿತ್ತು.

ಮುಟ್ಟಿದರೆ ಮುನಿ ತನ್ನ ಮುನಿಸನ್ನು ತೋರಬಲ್ಲುದು, ಆದ್ದರಿಂದ ಮಕ್ಕಳು ಕೂಡ ಅದರ ಹೆಸರು ಬಲ್ಲರು. ಮುನಿಸನ್ನು ತೋರಲಾರದ ಗಿಡಗಳು ಅದರ ಸುತ್ತಲೂ ಅಸಂಖ್ಯಾತ. ಅವುಗಳ ಪಾಲಿಗೆ ಉಳಿದಿರುವುದು ಮುಟ್ಟುವವನ ವಿವೇಕವೊಂದೇ.