ಸಾಕು ಎಂಬ ಮಾತು

ಸಾಕು ಎಂಬ ನಮ್ಮ ಮಾತಿಗೆ ಎರಡು ಅರ್ಥ. ಆಕಳನ್ನು, ನಾಯಿಯನ್ನು, ಮಗುವನ್ನು ಸಾಕುತ್ತೇವೆ. ಹೊಟ್ಟೆ ತುಂಬಿದಾಗ ಸಾಕು ಎನ್ನುತ್ತೇವೆ. ಎರಡೂ ಒಂದೇ ಬೇರಿನವೋ ಅಲ್ಲವೋ, ಪಂಡಿತರು ಹೇಳಲಿ. ಒಂದು ಜೀವವನ್ನು ಮನೆಗೆ ತರುವ ಮೊದಲು ಎರಡನೆಯ ಅರ್ಥವನ್ನೂ ನೆನೆಯಬೇಕೆಂದು ನನಗನಿಸುತ್ತದೆ. ಅದಕ್ಕೆ ಸಾಕಾಗುವಷ್ಟು ನಮ್ಮಲ್ಲಿದೆಯೇ?

ನೆರೆಮನೆಯ ವೈನಿಯ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಬಣ್ಣದ ಮೀನು ಬೇಸರವಾಗಿ ಈಗ ಆಕ್ಸೊಲಾಟಲ್ ಬೇಕೆಂದು ಹಟ ಹಿಡಿದಿದ್ದಾನೆ. 'ನಕ್ಕಂಗ ಕಾಣತೈತಿ ನೋಡವಾ' ಎಂದು ಮೊಬೈಲು ತೋರಿಸುತ್ತಾನೆ. ಅದರ ಬಾಯಿಯ ಆಕಾರವೇ ಹಾಗೆ. ಕಾಯಿಲೆಯಾದರೂ ನಕ್ಕಂತೆಯೇ ಕಾಣುತ್ತದೆ. (ಅಂಥ ಮುಖದ ಹೆಂಗಸರನ್ನು ನಾನೂ ನೀವೂ ಬಲ್ಲೆವು.)

ಇದು ಮೀನಲ್ಲ, ಕಪ್ಪೆಯ ದೂರದ ಬಳಗ. ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು ಇದರ ತವರು. ಕಪ್ಪೆಮರಿ ಬಾಲ ಕಳಚಿ ದಂಡೆ ಹತ್ತುತ್ತದೆ. ಇದು ಕುತ್ತಿಗೆಯ ಬದಿಯ ಗರಿಯಂಥ ಕಿವಿರುಗಳನ್ನು ಉಳಿಸಿಕೊಂಡು, ಮರಿಯ ರೂಪದಲ್ಲೇ ಪ್ರಾಯಕ್ಕೆ ಬಂದು ಮೊಟ್ಟೆಯಿಡುತ್ತದೆ. ಕಾಲು ತುಂಡಾದರೆ ಮತ್ತೆ ಚಿಗುರುತ್ತದೆ. 1864ರಲ್ಲಿ 34 ಆಕ್ಸೊಲಾಟಲ್‌ಗಳು ಪ್ಯಾರಿಸ್ಸಿಗೆ ಹೋದವು. ಇಂದು ಜಗತ್ತಿನ ಗಾಜಿನ ತೊಟ್ಟಿಗಳಲ್ಲಿರುವ ಎಷ್ಟೋ ಜೀವಗಳು ಅವುಗಳ ಸಂತತಿ. ತವರಿನಲ್ಲಾದರೋ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಇಳಿದಿತ್ತು.

'ಅಲ್ಲಿ ಸಾಯಾಕತ್ತಾವ, ನಾವರೆ ಉಳಸೂಣು' ಎಂಬುದು ಹುಡುಗನ ವಾದ. ತಳ್ಳಿಹಾಕುವ ಮಾತಲ್ಲ. ಆದರೆ ತೊಟ್ಟಿಯಲ್ಲಿ ಸಾವಿರ ಹೆಚ್ಚಿದರೂ ಕಾಲುವೆಯಲ್ಲಿ ಒಂದೂ ಹೆಚ್ಚುವುದಿಲ್ಲ.

ಅದಕ್ಕೆ 16ರಿಂದ 18 ಡಿಗ್ರಿಯ ನೀರು ಬೇಕು. 24 ದಾಟಿದರೆ ಮೇವು ಬಿಡುತ್ತದೆ, ಮೈಗೆ ಬೂಷ್ಟು ಹಿಡಿಯುತ್ತದೆ. ನಮ್ಮ ವಿಜಯಪುರದ ಮೇ ತಿಂಗಳು 40 ದಾಟುತ್ತದೆ. ಫ್ಯಾನ್ ಹಚ್ಚಿದರೆ ಎರಡು ಮೂರು ಡಿಗ್ರಿ ಇಳಿದೀತು. ಉಳಿದದ್ದಕ್ಕೆ ನೀರು ತಂಪು ಮಾಡುವ ಯಂತ್ರ, ಕರೆಂಟು ಹೋದರೆ ಅದೂ ಇಲ್ಲ. ಪ್ರತಿ ವಾರ ತೊಟ್ಟಿಯ ಒಂದಷ್ಟು ನೀರು ಬದಲಿಸಬೇಕು. ಬರಗಾಲದ ವರ್ಷಗಳಲ್ಲಿ ತಿಕೋಟಾ ಕಡೆಯ ರೈತರು ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರು. ಆ ಬಳ್ಳಿ ಮನೆಯವರಿಗೆ ಅನ್ನ ಕೊಡುತ್ತದೆ. ಏನನ್ನೂ ಕೊಡದ ಜೀವಕ್ಕೆ ನೀರು ಕೊಡುವುದು ದೊಡ್ಡ ಗುಣವೇ ಸರಿ. ಆದರೆ ಅದನ್ನು ಈ ಬಿಸಿಲಿಗೆ ತಂದವರೂ ನಾವೇ ಅಲ್ಲವೇ?

ಇದನ್ನೆಲ್ಲ ಹೇಳಿದಾಗ ವೈನಿ ನಕ್ಕರು. 'ನಾನೂ ಖಾನಾಪುರದ ಮಳಿ ಬಿಟ್ಟು ಈ ಬಿಸಲಿಗೆ ಬಂದಾಕಿರಿ. ಹೊಂದಕೊಳ್ಳಲಿಲ್ಲೇನು?' ಎಂದರು. ಉತ್ತರ ಥಟ್ಟನೆ ಹೊಳೆಯಲಿಲ್ಲ. ಆಮೇಲೆ ಹೇಳಿದೆ: ನಿಮಗೆ ಬಾಯಿತ್ತು ವೈನಿ, ಬ್ಯಾಸಗಿಗೆ ತವರಿಗೆ ಹೋಗಿ ಬರತಿದ್ರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಾಯಿ ಎಲ್ಲಿತ್ರಿ ಮೊದಲ' ಎಂದರು.

ಅವರ ಯಜಮಾನರದು ಸುಲಭದ ದಾರಿ. 'ಬ್ಯಾಸರಾದ್ರ ಮಮದಾಪುರ ಕೆರಿಗೆ ಬಿಟ್ರಾತು.' ಬಬಲೇಶ್ವರದ ಕಡೆಯ ಆ ಕೆರೆ ಆದಿಲಶಾಹಿ ಕಾಲದ್ದು. ಅದರ ಬಿಸಿನೀರಿನಲ್ಲಿ ಈ ಜೀವ ಉಳಿಯದು. ಉಳಿಯುವಂಥದ್ದನ್ನು ಬಿಟ್ಟರೆ ಇನ್ನೂ ಕೇಡು. ಸೊಚಿಮಿಲ್ಕೊದಲ್ಲಿ ಜನರ ಊಟಕ್ಕೆಂದು ಬಿಟ್ಟ ಕಾರ್ಪ್, ತಿಲಾಪಿಯಾ ಮೀನುಗಳೇ ಆಕ್ಸೊಲಾಟಲ್‌ನ ಮೊಟ್ಟೆ ಮರಿಗಳನ್ನು ತಿಂದವು.

ಇನ್ನು ಕಾನೂನು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ವಿದೇಶಿ ಪ್ರಾಣಿಯನ್ನು ಸಾಕುವವರು ಸರಕಾರದಲ್ಲಿ ನೋಂದಾಯಿಸಬೇಕು. ನನ್ನನ್ನು ಕಾಡುವ ಲೆಕ್ಕ ಬೇರೆ. ಈ ಪ್ರಾಣಿ ಹತ್ತು ಹದಿನೈದು ವರ್ಷ ಬದುಕುತ್ತದೆ. ಹುಡುಗನಿಗೆ ಈಗ ಹದಿನಾಲ್ಕು. ನಾಲ್ಕು ವರ್ಷಕ್ಕೆ ಅವನು ಧಾರವಾಡಕ್ಕೋ ಬೆಂಗಳೂರಿಗೋ ಹೊರಡುತ್ತಾನೆ. ಆಮೇಲೆ ಎರೆಹುಳು ಹುಡುಕುವವರು, ತೊಟ್ಟಿ ತೊಳೆಯುವವರು ಯಾರು? ಆಸೆ ಒಬ್ಬರದು, ಸಾಕುವುದು ಇನ್ನೊಬ್ಬರ ಪಾಲಿನದು. ನಮ್ಮ ಮನೆಗಳಲ್ಲಿ ಆ ಇನ್ನೊಬ್ಬರು ಯಾರೆಂದು ಕೇಳುವ ರೂಢಿಯೇ ಇಲ್ಲ.

ಹುಡುಗನಿಗೆ ನಾನು ಒಂದು ಸುದ್ದಿ ಓದಿ ಹೇಳಿದೆ. ಮೆಕ್ಸಿಕೊದಲ್ಲಿ ವಿಜ್ಞಾನಿಗಳೂ ಕಾಲುವೆ ಬದಿಯ ರೈತರೂ ಸೇರಿ ನೀರನ್ನು ಶುಚಿ ಮಾಡಿ, ಪರಕೀಯ ಮೀನು ನುಗ್ಗದಂತೆ ಜಾಗ ಕಟ್ಟಿದ್ದಾರೆ. ತೊಟ್ಟಿಯಲ್ಲಿ ಬೆಳೆದ 18 ಆಕ್ಸೊಲಾಟಲ್‌ಗಳನ್ನು ಮೆಕ್ಸಿಕೊ ನಗರದ ಜೌಗು ನೀರಿಗೆ ಬಿಟ್ಟು ನೋಡಿದ ಪ್ರಯೋಗದ ವರದಿ 2025ರಲ್ಲಿ ಬಂತು. ನಿಗಾ ಇಟ್ಟಷ್ಟು ಕಾಲ ಎಲ್ಲವೂ ಬದುಕಿದ್ದವು. ಮತ್ತೆ ಹಿಡಿದು ತೂಗಿದವುಗಳ ತೂಕ ಹೆಚ್ಚಿತ್ತು. 'ಮತ್ತ ಅವಕ್ಕ ಮೇವು ಯಾರು ಹಾಕಿದ್ರು?' ಎಂದು ಕೇಳಿದ. ಯಾರೂ ಹಾಕಿರಲಿಲ್ಲ.