ಪೆಟ್ಟಿಗೆಯೊಳಗಿನ ವಠಾರ

ಕಚೇರಿಗಳು ಕೆಲವು ವರ್ಷಕ್ಕೊಮ್ಮೆ ಕಂಪ್ಯೂಟರ್ ಬದಲಿಸುತ್ತವೆ. ಹಾಗೆ ಹೊರಬಿದ್ದ ಆಪ್ಟಿಪ್ಲೆಕ್ಸ್, ಎಲೈಟ್‌ಡೆಸ್ಕ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸೆಕೆಂಡ್‌ಹ್ಯಾಂಡ್ ದರಕ್ಕೆ ಸಿಗುತ್ತವೆ. ಮನೆಯಲ್ಲೊಂದು ಸರ್ವರ್ ಇಟ್ಟುಕೊಳ್ಳುವ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಮೊದಮೊದಲು ಅದಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಮನೆಮಂದಿಯ ಫೋಟೊ ಜೋಪಾನ ಮಾಡಿದರೆ, ಟಿವಿಗೆ ಸಿನಿಮಾ ಕಳಿಸಿದರೆ ಸಾಕು. ಆಮೇಲೆ ಜಾಹೀರಾತು ತಡೆಯಲು ಪೈ-ಹೋಲ್ ಬರುತ್ತದೆ, ಲೈಟು ಫ್ಯಾನುಗಳ ಉಸ್ತುವಾರಿಗೆ ಹೋಮ್ ಅಸಿಸ್ಟೆಂಟ್ ಬರುತ್ತದೆ. ಒಂದನ್ನು ಅಪ್‌ಡೇಟ್ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಒಂದೊಂದನ್ನೂ ಬೇರೆ ಬೇರೆ ವರ್ಚುವಲ್ ಮಷೀನಿನಲ್ಲಿ, ಅಂದರೆ ಯಂತ್ರದೊಳಗಿನ ತೋರಿಕೆಯ ಯಂತ್ರದಲ್ಲಿ, ಇಟ್ಟರೆ ಹೇಗೆ ಎಂಬ ಯೋಚನೆ ಬರುವುದು ಆಗಲೇ.

ಇಟ್ಟರೆ ಆ ಪೆಟ್ಟಿಗೆ ಹಳೇ ಕಾಲದ ವಠಾರವಾಗುತ್ತದೆ. ಪ್ರತಿ ಸಂಸಾರಕ್ಕೂ ಅದರದೇ ಬಾಗಿಲು, ಅದರದೇ ಒಲೆ. ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಪ್ರೊಸೆಸರ್ ಅಂದರೆ ಆ ನಲ್ಲಿ. ಯಾರೂ ದಿನವಿಡೀ ನೀರು ಹಿಡಿಯುವುದಿಲ್ಲವಾದ್ದರಿಂದ ನಾಲ್ಕು ಕೋರ್‌ಗಳ ಹಳೆಯ ಚಿಪ್ಪೂ ಐದಾರು ಮನೆಗಳನ್ನು ಸಂಭಾಳಿಸಿಬಿಡುತ್ತದೆ. ರ‍್ಯಾಮ್ ಹಾಗಲ್ಲ, ಅದು ಕೋಣೆ. ಒಬ್ಬರು ಹೊಕ್ಕಮೇಲೆ ನಿದ್ದೆ ಮಾಡುತ್ತಿದ್ದರೂ ಜಾಗ ಅವರದೇ. ಬಳಸದ ಮೆಮೊರಿಯನ್ನು ವಾಪಸ್ ಎಳೆದುಕೊಳ್ಳುವ ಬಲೂನಿಂಗ್‌ನಂಥ ಉಪಾಯಗಳು ಇವೆ, ನಿಜ. ಅವುಗಳಿಂದ 8 ಜಿಬಿ ಏನೂ 32 ಆಗುವುದಿಲ್ಲ. ಆದರೂ ಜನ ಅಪ್‌ಗ್ರೇಡ್ ಎಂದೊಡನೆ ಹೊಸ ಪ್ರೊಸೆಸರ್ ಹುಡುಕುತ್ತಾರೆ. ಕೈಯಲ್ಲಿರುವ ದುಡ್ಡು ಮೊದಲು ರ‍್ಯಾಮಿಗೆ, ಉಳಿದರೆ ಎಸ್‌ಎಸ್‌ಡಿಗೆ ಹೋಗಲಿ. ಎಐ ಡೇಟಾ ಸೆಂಟರ್‌ಗಳ ಹಸಿವಿಗೆ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು ಎಂಬುದು ಬೇರೆ ಮಾತು.

ದುಡ್ಡು ಬಿಚ್ಚುವ ಮೊದಲು ಬಯೋಸ್‌ನೊಳಗೆ ಒಮ್ಮೆ ಇಣುಕಬೇಕು. ವರ್ಚುವಲೈಸೇಷನ್ ಸ್ವಿಚ್ ಎಷ್ಟೋ ಯಂತ್ರಗಳಲ್ಲಿ ಆಫ್ ಆಗಿಯೇ ಇರುತ್ತದೆ. ಎಎಂಡಿ ಬೋರ್ಡುಗಳಲ್ಲಿ ಅದು ಎಸ್‌ವಿಎಂ ಎಂಬ ಹೆಸರಿನಲ್ಲಿ ಅಡಗಿರುವುದರಿಂದ ಕಣ್ಣಿಗೆ ಬೇಗ ಬೀಳುವುದಿಲ್ಲ.

ಇನ್ನು ಹಳೆಯ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರುವವರಿದ್ದಾರೆ. ಅದರ ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯಲ್ಲಿ ಮಲಗುವುದೂ ಕಷ್ಟ. 100 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್. 20 ವ್ಯಾಟ್‌ನಲ್ಲಿ ಕಾಲ ಕಳೆಯುವ ಪುಟ್ಟ ಡೆಸ್ಕ್‌ಟಾಪ್ ಆದರೆ ಹದಿನಾಲ್ಕು ಚಿಲ್ಲರೆ. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಗಡಿಯ ಹತ್ತಿರ ಇರುವ ಮನೆಗೆ ಈ ಲೆಕ್ಕ ತಮಾಷೆಯಲ್ಲ.

ಒಂದು ಯಂತ್ರವನ್ನು ಹಲವಾಗಿ ತೋರಿಸುವ ಈ ವಿದ್ಯೆಯನ್ನು ಐಬಿಎಂ 1960ರ ದಶಕದಲ್ಲೇ ಕಂಡುಕೊಂಡಿತ್ತು; 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಹೊರತಂದಿತು. ಕೋಟಿ ಬೆಲೆಯ ಒಂದು ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳಬೇಕಾಗಿದ್ದ ಕಾಲ ಅದು. ನಮ್ಮ ಮೇಜಿನ ಮೇಲಿನ ಚಿಪ್ಪುಗಳಿಗೆ ಆ ಕಲೆ ಹುಟ್ಟಿನಿಂದ ಬಂದದ್ದಲ್ಲ, ಇಂಟೆಲ್ ಅದನ್ನು ಅಳವಡಿಸಿದ್ದು 2005ರಲ್ಲಿ. 2007ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಆ ಕಲೆಯನ್ನು ಬಳಸಿಕೊಳ್ಳುವ ಕೆವಿಎಂ ಸೇರಿತು. ಅದರ ಮೇಲೆ ಕಟ್ಟಿದ, ವಿಯೆನ್ನಾ ಮೂಲದ ಪ್ರಾಕ್ಸ್‌ಮಾಕ್ಸ್ ಇಂದು ಮನೆ ಸರ್ವರ್‌ನವರಿಗೆಲ್ಲ ಪರಿಚಿತ. ಪುಕ್ಕಟೆ ಸಿಗುತ್ತದೆ, ಬ್ರೌಸರಿನಲ್ಲೇ ಎಲ್ಲ ಕೆಲಸ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿಕೊಂಡು ಒಳಗೆ ಯಾರನ್ನು ಕೂರಿಸುವುದು? ಹೆಚ್ಚಿನವರು ಹೊಸ ಹೊಸ ಲಿನಕ್ಸ್‌ಗಳನ್ನು ಹಾಕಿ ನೋಡಿ, ಅಳಿಸಿ ಖುಷಿಪಡುತ್ತಾರೆ. ಕನ್ನಡದವರಿಗೆ ಅದಕ್ಕಿಂತ ಉಪಯೋಗದ ಅತಿಥಿ ವಿಂಡೋಸ್ ಎಕ್ಸ್‌ಪಿ ಎಂದು ನನಗನ್ನಿಸುತ್ತದೆ. ಕಾಲು ಶತಮಾನದ ಹಿಂದಿನ ನಮ್ಮ ಪುಸ್ತಕಗಳು, ಸ್ಮರಣ ಸಂಚಿಕೆಗಳು, ಲಗ್ನಪತ್ರಿಕೆಗಳು ಬಹುಪಾಲು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಕೂತವು. ಫಾಂಟು ನುಡಿಯದೋ, ಬರಹದ್ದೋ, ಶ್ರೀಲಿಪಿಯದೋ. ಆ ಕಡತಗಳಲ್ಲಿ ಯೂನಿಕೋಡ್ ಕನ್ನಡವಿಲ್ಲ. ರೋಮನ್ ಲಿಪಿಯ ಸಂಕೇತಗಳಿಗೆ ಫಾಂಟು ಕನ್ನಡದ ವೇಷ ತೊಡಿಸಿರುತ್ತದೆ, ಅಷ್ಟೇ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನುಡಿಯ ಕಡತ ತೆರೆದವರಿಗೆ ಗೊತ್ತು: ‘ಕನ್ನಡ’ ಎಂಬ ಮೂರಕ್ಷರದ ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಬಂದು ಕೂತಿರುತ್ತದೆ!

ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಪಠ್ಯ ಉಳಿಯುತ್ತದೆ. ಪುಟವಿನ್ಯಾಸ, ಅಡಿಟಿಪ್ಪಣಿ, ಕೋಷ್ಟಕಗಳು ಉಳಿಯುವುದಿಲ್ಲ; ಅವು ಬೇಕೆಂದರೆ ಕಡತವನ್ನು ಎಕ್ಸ್‌ಪಿಯ ಮೇಲಿನ ಪೇಜ್‌ಮೇಕರ್‌ನಲ್ಲೇ ತೆರೆಯುವುದು ಲೇಸು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟದ್ದು 2014ರ ಏಪ್ರಿಲ್‌ನಲ್ಲಿ. ಅಂಥ ಮುದಿ ವ್ಯವಸ್ಥೆಯನ್ನು ಇಂಟರ್ನೆಟ್ಟಿಗೆ ಬಿಡುವುದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆಯೇ. ವರ್ಚುವಲ್ ಮಷೀನಿನಲ್ಲಾದರೆ ಅದಕ್ಕೆ ನೆಟ್‌ವರ್ಕ್ ಕಾರ್ಡನ್ನೇ ಕೊಡದೆ ಇಡಬಹುದು. 1 ಜಿಬಿ ರ‍್ಯಾಮ್ ಕೊಟ್ಟರೆ ಅದಕ್ಕೆ ಧಾರಾಳ, ಡಿಸ್ಕಿನಲ್ಲಿ 20 ಜಿಬಿ ಸಾಕು. ಹಳೆಯ ಪುಸ್ತಕದ ಮರುಮುದ್ರಣ ಬಂದಾಗ ಎಬ್ಬಿಸಿ, ಪಿಡಿಎಫ್ ತೆಗೆದುಕೊಂಡು, ಮತ್ತೆ ಮಲಗಿಸಿದರಾಯಿತು. ಏನಾದರೂ ಎಡವಟ್ಟಾದರೆ ಮೊದಲೇ ತೆಗೆದಿಟ್ಟ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಲು ನಿಮಿಷವೂ ಬೇಡ.

ಆ ಸ್ನ್ಯಾಪ್‌ಶಾಟನ್ನೇ ಬ್ಯಾಕಪ್ ಎಂದು ನಂಬಿ ಕೂರುವಂತಿಲ್ಲ. ಸಾಮಾನ್ಯವಾಗಿ ಅದೂ ಮಷೀನಿರುವ ಡಿಸ್ಕಿನಲ್ಲೇ ಇರುತ್ತದೆ. ಡಿಸ್ಕ್ ಕೈಕೊಟ್ಟ ದಿನ ಎರಡೂ ಒಟ್ಟಿಗೇ ಹೋಗುತ್ತವೆ. ಇಡೀ ಮಷೀನಿನ ಬ್ಯಾಕಪ್ ಕಡತವನ್ನು ಹೊರಗಿನ ಡ್ರೈವಿಗೆ ಇಳಿಸಿಕೊಂಡು, ಜೊತೆಗೆ ಫಾಂಟುಗಳನ್ನೂ ತೆಗೆದಿಟ್ಟು, ಲೈಸೆನ್ಸ್ ಕೀಗಳನ್ನು ಬರೆದಿಟ್ಟುಕೊಳ್ಳಬೇಕು. ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ ಬೇಕಿದ್ದರೆ ಅದನ್ನೂ ಒಳಗಿನ ಎಕ್ಸ್‌ಪಿಗೆ ದಾಟಿಸಲು ಬರುತ್ತದೆ. ನಕಲು ಮಾಡಲಾಗದ ವಸ್ತು ಅದೊಂದೇ. ಬೀರುವಿನ ಯಾವ ಡ್ರಾಯರಿನಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.