ತಲೆಯ ಮೇಲಿನ ಹೊರೆ

ಹ. ಅಸ್ಮಾ ಬಿಂತ್ ಅಬೂಬಕರ್(ರ) ಎಂದೊಡನೆ ನಮ್ಮ ಪ್ರವಚನಕಾರರಿಗೆ ನೆನಪಾಗುವುದು ಸೌರ್ ಗುಹೆ. ಪ್ರವಾದಿವರ್ಯರು(ಸ) ಮತ್ತು ಹ. ಅಬೂಬಕರ್(ರ) ಮಕ್ಕಾ ಬಿಟ್ಟು ಹೊರಟಾಗ ಬುತ್ತಿ ಕಟ್ಟಲು ಏನೂ ಸಿಗದೆ, ತಮ್ಮ ಸೊಂಟದ ಪಟ್ಟಿಯನ್ನೇ ಎರಡಾಗಿ ಸೀಳಿ ಕಟ್ಟಿದ ಆ ತರುಣಿಯ ಕಥೆಯನ್ನು ಮದ್ರಸದ ಮೂರನೇ ತರಗತಿಯ ಮಗುವೂ ಹೇಳಬಲ್ಲದು. ಅದು ಅಪಾಯದ ಹೊತ್ತಿನ ಧೈರ್ಯ. ಅದೇ ಅಸ್ಮಾ(ರ) ಮುಂದೆ ಮದೀನಾದಲ್ಲಿ ಮಾಡುತ್ತಿದ್ದ ಇನ್ನೊಂದು ಕೆಲಸವಿದೆ. ಅದು ಅವರದೇ ವಿವರಣೆಯಾಗಿ ಸಹೀಹ್ ಬುಖಾರಿಯಲ್ಲಿ ದಾಖಲಾಗಿದ್ದರೂ ನಮ್ಮ ಮಿಂಬರುಗಳಿಂದ ಕೇಳಿಸುವುದು ಅಪರೂಪ.

ಪತಿ ಹ. ಝುಬೈರ್(ರ) ಅವರ ಬಳಿ ಆಗ ಒಂದು ಕುದುರೆ, ನೀರು ಹೊರುವ ಒಂದು ಒಂಟೆ ಬಿಟ್ಟರೆ ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ಚರ್ಮದ ಕೊಡ ಹರಿದರೆ ಹೊಲಿಯುವುದು, ಹಿಟ್ಟು ನಾದುವುದು, ಎಲ್ಲವೂ ಅಸ್ಮಾ(ರ) ಅವರ ಪಾಲಿಗೆ. ರೊಟ್ಟಿ ಸುಡಲು ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ನೆರೆಯ ಅನ್ಸಾರಿ ಸ್ತ್ರೀಯರು ಸುಟ್ಟು ಕೊಡುತ್ತಿದ್ದರು. ಇದೆಲ್ಲ ಸಾಲದೆಂಬಂತೆ ಝುಬೈರ್(ರ) ಅವರಿಗೆ ದೊರೆತಿದ್ದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರಬೇಕಿತ್ತು. ದಾರಿ ಒಂದು ಫರ್ಸಖಿನ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 2 ಮೈಲು. ಒಂದು ದಿನ ಪ್ರವಾದಿವರ್ಯರು(ಸ) ಸಂಗಾತಿಗಳೊಂದಿಗೆ ಎದುರಾದರು. ಹೊರೆಯನ್ನು ಕಂಡು, ಒಂಟೆಯನ್ನು ಮಂಡಿಯೂರಿಸಿ, ಹಿಂದೆ ಹತ್ತಿ ಕುಳಿತುಕೊಳ್ಳುವಂತೆ ಕರೆದರು. ಗಂಡಸರ ಗುಂಪಿನೊಂದಿಗೆ ಹೋಗಲು ಅವರಿಗೆ ಸಂಕೋಚವಾಯಿತು. ಅದನ್ನು ಅರಿತ ಪ್ರವಾದಿ(ಸ) ಒತ್ತಾಯ ಮಾಡದೆ ಮುಂದೆ ಸಾಗಿದರು. ವಿಷಯ ತಿಳಿದಾಗ ಪತಿ ಹೇಳಿದ್ದೇನು? ಹೆಂಡತಿ ಒಂಟೆಯೇರಿ ಬರುವುದಕ್ಕಿಂತಲೂ ಆ ಬೀಜದ ಹೊರೆ ಹೊರುವುದೇ ತನಗೆ ಹೆಚ್ಚು ಕಷ್ಟವಾಗುತ್ತದೆ ಎಂದು. ಕೊನೆಗೆ ತಂದೆ ಅಬೂಬಕರ್(ರ) ಕುದುರೆಯನ್ನು ನೋಡಿಕೊಳ್ಳಲು ಒಬ್ಬ ಆಳನ್ನು ಕಳುಹಿಸಿಕೊಟ್ಟರು. ದಾಸ್ಯದಿಂದಲೇ ಬಿಡುಗಡೆಯಾದಂತೆ ಅನಿಸಿತೆಂದು ಅಸ್ಮಾ(ರ) ನೆನೆಯುತ್ತಾರೆ.

ಸಹೋದರರೇ, ಈ ಇಡೀ ವೃತ್ತಾಂತವನ್ನು ಇನ್ನೊಮ್ಮೆ ಓದಿ ನೋಡಿ. ಒಬ್ಬರಾದರೂ ಅವರಿಗೆ ತಾಳ್ಮೆಯ ಉಪದೇಶ ಮಾಡಿದರೇ? ಹೆಣ್ಣು ಸಹನೆಯ ಮೂರ್ತಿ ಎಂದು ಹೊಗಳಿದರೇ? ನೆರೆಯವರು ರೊಟ್ಟಿ ಸುಟ್ಟರು, ಪ್ರವಾದಿ(ಸ) ಒಂಟೆ ನಿಲ್ಲಿಸಿದರು, ತಂದೆ ಆಳು ಕಳುಹಿಸಿದರು. ಗಂಡನಿಗೆ ಕನಿಷ್ಠ ನೋವಾದರೂ ಆಯಿತು.

ನೆಲ್ಯಹುದಿಕೇರಿಯಲ್ಲಿ ಕುಳಿತು ಈ ಹದೀಸನ್ನು ಓದುವವನಿಗೆ ಅರೇಬಿಯಾ ದೂರವೆನಿಸುವುದಿಲ್ಲ. ಕಾಫಿ ಕುಯ್ಲಿನ ದಿನಗಳಲ್ಲಿ ಸುಬಹಿ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುವಾಗ ಮಂಜಿನಲ್ಲಿ ರಸ್ತೆ ಕಾಣಿಸದು. ಆದರೆ ಮನೆಗಳ ಅಡುಗೆ ಒಲೆಗಳಲ್ಲಿ ಬೆಂಕಿ ಕಾಣಿಸುತ್ತದೆ. ನಾವು ಎದ್ದು ವುಝೂ ಮಾಡುವ ಮೊದಲೇ ಅವರು ಎದ್ದಿರುತ್ತಾರೆ. ಗಂಜಿ ಬೇಯಿಸಿ, ಮಕ್ಕಳ ಬುತ್ತಿ ಕಟ್ಟಿ, ಅತ್ತೆಗೆ ಬಿಸಿನೀರಿಟ್ಟು, ತಲೆಗೊಂದು ಬಟ್ಟೆ ಸುತ್ತಿಕೊಂಡು, ಜೀಪಿನಲ್ಲಿ ಇಕ್ಕಟ್ಟಾಗಿ ನಿಂತು ತೋಟಕ್ಕೆ ಹೋಗುತ್ತಾರೆ. ಈ ಸಾಲಿನಲ್ಲಿ ನಮ್ಮ ಉಮ್ಮಂದಿರೂ ಇತ್ತಾತಂದಿರೂ ಇದ್ದಾರೆ, ಎರವ ಮತ್ತು ಕುರುಬ ಹಾಡಿಗಳ ಹೆಂಗಸರಿದ್ದಾರೆ, ತಮಿಳು ಮಾತಾಡುವ ಲೈನ್ ಮನೆಯವರಿದ್ದಾರೆ, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣು, ಹೊಸ ವರ್ಷ ಹುಟ್ಟಿದ ಮೇಲೆ ರೋಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ಗಿಡದ ಕೊಂಬೆ ಬಗ್ಗಿಸಿದರೆ ಇಬ್ಬನಿ ಮೈಮೇಲೆ ಸುರಿಯುತ್ತದೆ, ಕೆಂಜಿರುವೆ ಕುತ್ತಿಗೆಗೆ ಇಳಿಯುತ್ತದೆ. ಕುಯ್ದ ಹಣ್ಣನ್ನು ಸಂಜೆ ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಮೂಟೆಯನ್ನು ತೂಕದ ಜಾಗದವರೆಗೆ ಹೊತ್ತು ತರುವುದೂ ಅವಳ ಕೆಲಸವೇ. ಸಿದ್ದಾಪುರ, ನೆಲ್ಯಹುದಿಕೇರಿ ಸುತ್ತಿನ ತೋಟಗಳಲ್ಲಿ ಕಾಡಾನೆಗಳು ಬೀಡುಬಿಡುವುದು ಈಗ ಸುದ್ದಿಯೂ ಅಲ್ಲ. ಬೆಳಗಿನ ಮಂಜಿನಲ್ಲಿ ಎದುರಿಗಿರುವುದು ಬಂಡೆಯೋ ಆನೆಯೋ ಎಂದು ನೋಡಿಕೊಂಡು ಹೆಜ್ಜೆಯಿಡುವ ಈ ಹೆಣ್ಣನ್ನು ನಾವು ಅಬಲೆ ಎಂದು ಕರೆಯುತ್ತೇವೆ. ಕನ್ನಡ ನಿಘಂಟಿನಲ್ಲಿ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದು ಇರಲಾರದು.

ಹೆಂಗಸರು ಹೊರಗೆ ದುಡಿಯುವುದೇ ತಪ್ಪಲ್ಲವೇ ಎಂದು ಕೆಲವರು ಕೇಳುವುದುಂಟು. ಕೇಳುವವರು ಸಾಮಾನ್ಯವಾಗಿ ಆ ದುಡಿಮೆಯಿಂದ ಬಂದ ಅಕ್ಕಿಯನ್ನು ಉಂಡವರೇ ಆಗಿರುತ್ತಾರೆ. ಅವರು ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯವನ್ನು ತೆರೆಯಲಿ. ಮದ್‌ಯನಿನ ಬಾವಿಯ ಬಳಿ ಇಬ್ಬರು ಯುವತಿಯರು ಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದರು. ತಂದೆಗೆ ವಯಸ್ಸಾಗಿತ್ತು, ಆದ್ದರಿಂದ ಮಂದೆಯನ್ನು ನೀರಿಗೆ ತರುವ ಕೆಲಸ ಅವರದಾಗಿತ್ತು. ಹ. ಮೂಸಾ(ಅ) ಅವರು ಹೊರಗೇಕೆ ಬಂದಿರೆಂದು ಗದರಿಸಲಿಲ್ಲ. ನಿಮ್ಮ ಸಮಸ್ಯೆಯೇನೆಂದು ವಿಚಾರಿಸಿ, ಅವರ ಮಂದೆಗೆ ನೀರು ಕುಡಿಸಿ, ನೆರಳಿಗೆ ಹೋಗಿ ಕುಳಿತು ಪ್ರಾರ್ಥಿಸಿದರು. ಆ ಹೆಣ್ಣುಮಕ್ಕಳ ಲಜ್ಜೆಯನ್ನೂ ದುಡಿಮೆಯನ್ನೂ ಅಲ್ಲಾಹನು ಒಂದೇ ಕಡೆ ಹೇಳಿದ್ದಾನೆ. ನಾವು ಮಾತ್ರ ಎರಡನ್ನೂ ಬೇರೆ ಬೇರೆ ಮಾಡಿ ಜಗಳ ಹಚ್ಚುತ್ತೇವೆ.

ಇನ್ನು ‘ಸಬ್ರ್’ ಎಂಬ ಪದ. ಕನ್ನಡಕ್ಕೆ ತರುವಾಗ ನಾವು ಇದನ್ನು ಸಹನೆ, ತಾಳ್ಮೆ ಎನ್ನುತ್ತೇವೆ. ಅರ್ಥ ತಪ್ಪೇನಲ್ಲ, ಆದರೆ ಕಿರಿದಾಯಿತು. ಕುರ್‌ಆನ್ ಈ ಪದವನ್ನು ರಣರಂಗದಲ್ಲಿ ನಿಂತವರಿಗೂ ಬಳಸುತ್ತದೆ. ಅಲ್ಲಿ ಅದು ಸ್ಥೈರ್ಯ, ಕಾಲು ಕದಲದಿರುವುದು. ಗಂಡಸಿನ ವಿಷಯ ಬಂದಾಗ ನಾವು ಸಬ್ರ್ ಎಂದರೆ ಸ್ಥೈರ್ಯವೆಂದೂ, ಹೆಣ್ಣಿನ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡಿರುವುದೆಂದೂ ಎರಡು ಅರ್ಥ ಕೊಟ್ಟುಕೊಂಡಿದ್ದೇವೆ. ಅರಬಿ ನಿಘಂಟಿನಲ್ಲಿ ಇಂಥ ವಿಂಗಡಣೆ ಎಲ್ಲೂ ಇಲ್ಲ.

ಹ. ಹಾಜರಾ(ರ) ಅವರ ಸಬ್ರ್ ಎಂಥದು? ನೀರಿಲ್ಲದ ಕಣಿವೆಯಲ್ಲಿ ಹಸುಗೂಸಿನೊಂದಿಗೆ ಬಿಟ್ಟು ಹೊರಟ ಪತಿಯನ್ನು ಅವರು ಪ್ರಶ್ನಿಸಿದರು, ಇದು ಅಲ್ಲಾಹನ ಆಜ್ಞೆಯೇ ಎಂದು. ಹೌದೆಂದು ತಿಳಿದಾಗ, ಹಾಗಾದರೆ ಅವನು ನಮ್ಮನ್ನು ಕೈಬಿಡಲಾರನೆಂಬ ಭರವಸೆ ತಾಳಿದರು. ಆದರೆ ಆ ಭರವಸೆ ಅವರನ್ನು ಕೈಕಟ್ಟಿ ಕೂರಿಸಲಿಲ್ಲ. ನೀರು ಮುಗಿದಾಗ ಸಫಾದಿಂದ ಮರ್ವಾಕ್ಕೆ, ಮರ್ವಾದಿಂದ ಸಫಾಕ್ಕೆ ಏಳು ಬಾರಿ ಓಡಾಡಿದರು. ಝಮ್‌ಝಮ್ ಚಿಮ್ಮಿದ್ದು ಆ ಓಟದ ನಂತರವೇ. ಇಂದು ಹಜ್ಜಿಗೂ ಉಮ್ರಾಕ್ಕೂ ಹೋದವನು, ಅವನು ಅರಸನಿರಲಿ ಆಲಿಮನಿರಲಿ, ಆ ತಾಯಿಯ ಹೆಜ್ಜೆಯಲ್ಲಿ ಹೆಜ್ಜೆಯಿಡದೆ ಅವನ ಕರ್ಮ ಪೂರ್ತಿಯಾಗದು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿದ್ದೀರಾ? ಸಈಯ ದಾರಿಯಲ್ಲಿ ಹಸಿರು ದೀಪಗಳ ನಡುವೆ ಬೇಗ ಓಡಬೇಕಾದವರು ಗಂಡಸರು. ಸ್ತ್ರೀಯರು ನಡೆದರೆ ಸಾಕು. ಅವರ ಪಾಲಿನ ಓಟವನ್ನು ಆ ತಾಯಿ ಎಂದೋ ಓಡಿ ಮುಗಿಸಿದ್ದಾರೆಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಅಂಥ ಓಟವನ್ನು ನಮ್ಮೂರೂ ನೋಡಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮರುವರ್ಷ, 2019ರ ಆಗಸ್ಟಿನಲ್ಲಿ, ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳನ್ನೂ ಆಚೆ ದಡದ ಕರಡಿಗೋಡಿನ ಮನೆಗಳನ್ನೂ ನೆಲಸಮ ಮಾಡಿತು. ಮನೆ ಕಳೆದುಕೊಂಡವರಲ್ಲಿ ಹೆಚ್ಚಿನವರು ದಿನಗೂಲಿಯವರು. ಪರಿಹಾರ ಕೇಂದ್ರದ ಒಂದು ಕೋಣೆಯಲ್ಲಿ ಹತ್ತಾರು ಮಂದಿಯ ಬಾಳು ಎಂದರೇನೆಂದು ಬಾಳಿದವರಿಗೇ ಗೊತ್ತು. ಋತುಸ್ರಾವದ ಹೆಣ್ಣುಮಗಳಿಗೆ ಮರೆಯಿಲ್ಲ, ಬಾಣಂತಿಗೆ ಬಿಸಿನೀರಿಲ್ಲ, ಶಾಲೆಯ ಪುಸ್ತಕ ನೀರು ಪಾಲಾದ ಮಗುವಿಗೆ ಸಮಾಧಾನ ಹೇಳಲು ಮಾತಿಲ್ಲ. ನೀರಿಳಿದ ಮೇಲೆ ಕೆಸರು ತೋಡಿ ಪಾತ್ರೆ ಹುಡುಕಿದವರು ಯಾರು? ರೇಷನ್ ಕಾರ್ಡಿಗೆ, ಆಧಾರಿಗೆ, ಬದಲಿ ನಿವೇಶನದ ಅರ್ಜಿಗೆ ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರು ಯಾರು? ಗಂಡಸರು ಏನೂ ಮಾಡಲಿಲ್ಲವೆಂದಲ್ಲ. ಹಗ್ಗ ಹಿಡಿದು ನೀರಿಗಿಳಿದ ಯುವಕರನ್ನು ಮರೆಯುವಂತಿಲ್ಲ. ಅವರ ಹೆಸರುಗಳನ್ನು ಸಭೆಗಳಲ್ಲಿ ಹೇಳಿದೆವು, ಶಾಲು ಹೊದಿಸಿದೆವು, ಅದು ಸರಿಯೇ. ನಿವೇಶನಕ್ಕಾಗಿ ವರ್ಷಗಟ್ಟಲೆ ಕಾದ ಹೆಣ್ಣಿಗೆ ಹೊದಿಸಲು ಶಾಲು ನಮ್ಮಲ್ಲಿ ಉಳಿದಿರಲಿಲ್ಲ.

ಹಾಗೆ ಕಚೇರಿಯ ಮುಂದೆ ನಿಂತು ವಾದಿಸಿದ ಹೆಣ್ಣನ್ನು ಬಾಯಿಬಡುಕಿ ಎನ್ನುವವರಿದ್ದಾರೆ. ಅಂಥವರು ಕುರ್‌ಆನಿನ 58ನೇ ಅಧ್ಯಾಯದ ಹೆಸರನ್ನಾದರೂ ನೆನಪಿಡಲಿ. ಅಲ್ ಮುಜಾದಿಲ, ವಾದಿಸಿದವಳು! ಗಂಡ ಅಜ್ಞಾನಕಾಲದ ಪದ್ಧತಿಯಂತೆ ‘ಝಿಹಾರ್’ ಹೇಳಿ, ತನ್ನನ್ನು ಹೆಂಡತಿಯೂ ಅಲ್ಲ ಬಿಟ್ಟವಳೂ ಅಲ್ಲ ಎಂಬ ಸ್ಥಿತಿಯಲ್ಲಿ ಇಟ್ಟಾಗ ಹ. ಖೌಲಾ ಬಿಂತ್ ಸಅಲಬ(ರ) ಪ್ರವಾದಿವರ್ಯರ(ಸ) ಬಳಿ ಬಂದು ಬಿಡದೆ ಅಹವಾಲು ಹೇಳಿಕೊಂಡರು. ಅದೇ ಮನೆಯಲ್ಲಿದ್ದ ಹ. ಆಯಿಶಾ(ರ) ಅವರಿಗೆ ಆ ಮಾತು ಪೂರ್ತಿ ಕೇಳಿಸಲಿಲ್ಲ. ಅಲ್ಲಾಹನು ಆಲಿಸಿದನು, ಆ ಪದ್ಧತಿಯನ್ನು ಖಂಡಿಸಿ ಕಾನೂನನ್ನೇ ಇಳಿಸಿದನು. ದೂರು ಹೇಳುವುದು ಸಬ್ರಿಗೆ ವಿರುದ್ಧವಾಗಿದ್ದರೆ ಈ ಅಧ್ಯಾಯ ಅವತೀರ್ಣವಾಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಬೀಸುವ ಕಲ್ಲು ತಿರುಗಿಸಿ ಅಂಗೈ ಜಡ್ಡುಗಟ್ಟಿದ್ದ ಹ. ಫಾತಿಮಾ(ರ) ಕೆಲಸದಾಳು ಬೇಕೆಂದು ಕೇಳಿದಾಗ ಪ್ರವಾದಿವರ್ಯರು(ಸ) ಕೊಟ್ಟದ್ದು ಮಲಗುವ ಮುನ್ನ ಹೇಳುವ ತಸ್ಬೀಹ್ ಅಲ್ಲವೇ ಎಂದು. ಹೌದು. ಆದರೆ ಅದೇ ಪ್ರಸಂಗದ ವರದಿಗಳಲ್ಲಿ ನೀರು ಸೇದಿ ಸೇದಿ ಎದೆ ನೋಯುತ್ತಿದ್ದ ಹ. ಅಲಿ(ರ) ಇದ್ದಾರೆ, ಮಸೀದಿಯ ಅಂಗಳದಲ್ಲಿ ಹಸಿದು ಮಲಗಿದ್ದ ಸುಫ್ಫಾದ ಬಡವರೂ ಇದ್ದಾರೆ. ಆ ಮನೆಯಲ್ಲಿ ಹೊರೆ ಇಬ್ಬರ ಮೇಲೂ ಇತ್ತು, ತಂದೆ ಮಗಳಿಗಿಂತ ಹಸಿದವರನ್ನು ಮುಂದಿಟ್ಟರು. ಹೆಂಡತಿಗೆ ತಸ್ಬೀಹ್ ಹೇಳಿಕೊಟ್ಟು ತಾನು ಕಟ್ಟೆಯ ಮೇಲೆ ಹರಟುವವನಿಗೆ ಈ ಹದೀಸಿನಲ್ಲಿ ಆಶ್ರಯವಿಲ್ಲ.

ನಮ್ಮ ಕನ್ನಡ ನಾಡಿನ ಒಂದು ಕಥೆಯೂ ಇಲ್ಲಿ ನೆನಪಾಗುತ್ತದೆ. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳೆಂದು ಶರಣರ ಕಥೆಗಳು ಹೇಳುತ್ತವೆ. ಹಲಾಲಿನ ಬಗೆಗೆ ಇಷ್ಟು ಕಟ್ಟುನಿಟ್ಟಾದ ಹೆಂಗಸರು ನಮ್ಮ ಮನೆಗಳಲ್ಲೂ ಕಡಿಮೆಯೇನಿಲ್ಲ. ಅವರ ಮಾತು ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಆದ್ದರಿಂದ ಹೊಗಳಿಕೆಯ ಮಾತು ಬಿಟ್ಟು ಲೆಕ್ಕದ ಮಾತಿಗೆ ಬರೋಣ. ಪುರುಷರು ಗಳಿಸಿದ್ದರ ಪಾಲು ಪುರುಷರಿಗೆ, ಸ್ತ್ರೀಯರು ಗಳಿಸಿದ್ದರ ಪಾಲು ಸ್ತ್ರೀಯರಿಗೆ ಎಂಬುದು ಅನ್ನಿಸಾ ಅಧ್ಯಾಯದ ಸ್ಪಷ್ಟ ಆದೇಶ. ಹಾಗಿದ್ದರೆ ಶನಿವಾರ ಸಂಜೆ ಅವಳ ಕೂಲಿ ಯಾರ ಜೇಬಿಗೆ ಹೋಗುತ್ತದೆ? ಮನೆಯ ಖರ್ಚು ನಡೆಸುವ ಹೊಣೆ ಶರೀಅತ್ತಿನಲ್ಲಿ ಗಂಡನದು. ಅವಳು ಕೊಟ್ಟರೆ ಅದು ಅವಳ ಔದಾರ್ಯ, ಕಿತ್ತುಕೊಂಡರೆ ಅದು ಅಪಹರಣ. ಸಂಘದ ಸಾಲ ಅವಳ ಹೆಸರಿನಲ್ಲಿದೆ, ವಾರದ ಕಂತಿಗೆ ಬಾಗಿಲು ಬಡಿಯುವುದು ಅವಳನ್ನು ಹುಡುಕಿಕೊಂಡು. ಹಣ ಖರ್ಚಾದದ್ದು ಯಾರ ಮೊಬೈಲಿಗೆ, ಯಾರ ಬೈಕಿಗೆ? ಬಡ್ಡಿಯ ಪಾಪದ ಬಗ್ಗೆ ಗಂಟೆಗಟ್ಟಲೆ ಉಪನ್ಯಾಸ ಮಾಡುವ ನಾವು, ಆ ಸಾಲದ ಪತ್ರಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿದ ಕೈಯ ಬಗ್ಗೆ ಮಾತಾಡುವುದಿಲ್ಲ.

ತೋಟವುಳ್ಳ ಸಹೋದರರಿಗೂ ಒಂದು ಮಾತು. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ ವಚನ ಕೂಲಿಯವಳ ಬೆವರಿಗೂ ಅನ್ವಯಿಸುತ್ತದೆ. ತೋಟ ಕಾರ್ಮಿಕರ 1951ರ ಕಾನೂನೇ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗಳಿಗೊಂದು ಕೋಣೆ ಬೇಕೆಂದಿತ್ತು. ನಿಮ್ಮ ತೋಟದಲ್ಲಿ ಐವರೇ ಇರಬಹುದು, ಕಾನೂನು ನಿಮ್ಮನ್ನು ಕೇಳದಿರಬಹುದು. ಆದರೆ ಆ ಐವರಿಗೆ ಮರೆಯುಳ್ಳ ಒಂದು ಶೌಚಾಲಯ, ಮಗುವನ್ನು ಮಲಗಿಸಲು ಒಂದು ನೆರಳು, ಆನೆ ಬಂದ ದಿನ ಕೆಲಸಕ್ಕೆ ಬೇಡವೆಂದು ಮೊದಲೇ ತಿಳಿಸುವ ಒಂದು ಫೋನ್, ಇವಕ್ಕೆಲ್ಲ ಎಷ್ಟು ಖರ್ಚಾದೀತು?

ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ ಈಗ ಕುಯ್ಲಿನ ಕಾಲಕ್ಕೆ ಬಂದು ಸೇರಿದೆ. 2025ರಲ್ಲಿ ಮಾರ್ಚ್ ಮೊದಲ ದಿನಗಳಲ್ಲಿ ಉಪವಾಸ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಫೆಬ್ರವರಿ, ನಂತರ ಜನವರಿ. ಹಗಲೆಲ್ಲ ಉಪವಾಸದಲ್ಲಿ ಹಣ್ಣು ಕುಯ್ದು, ಮೂಟೆ ಹೊತ್ತು, ಸಂಜೆ ಜೀಪಿನಿಂದಿಳಿದು ಬರುವ ಹೆಣ್ಣು ನೇರವಾಗಿ ಒಲೆಯ ಮುಂದೆ ಕೂರುತ್ತಾಳೆ. ಮಗ್ರಿಬ್ ಬಾಂಗು ಕೂಗುವಷ್ಟರಲ್ಲಿ ಪತ್ತಿರಿಯೂ ಸಾರೂ ಸಿದ್ಧವಾಗಬೇಕು. ಅಷ್ಟು ಹೊತ್ತು ನಾವು ಮಸೀದಿಯಲ್ಲಿ ಖರ್ಜೂರ ಹಿಡಿದು ಗಡಿಯಾರ ನೋಡುತ್ತಿರುತ್ತೇವೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ ಹ. ಆಯಿಶಾ(ರ), ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ತಿಳಿಸಿದ್ದಾರೆ. ಇದು ಗಡ್ಡದಷ್ಟೇ ಸುನ್ನತ್. ಬರುವ ರಮಝಾನಿನಲ್ಲಿ ತೋಟದಿಂದ ಅವಳು ಬರುವ ಹೊತ್ತಿಗೆ ಅಕ್ಕಿ ಹಿಟ್ಟಿಗೆ ಕುದಿನೀರು ಹಾಕಿ ನಾವೇ ನಾದಿಟ್ಟಿರೋಣ. ಪತ್ತಿರಿ ಸುಡಲು ಬಾರದವರು ನಾಚಬೇಕಾಗಿಲ್ಲ. ಅಸ್ಮಾ(ರ) ಅವರಿಗೂ ರೊಟ್ಟಿ ಸುಡಲು ಬರುತ್ತಿರಲಿಲ್ಲ, ನೆರೆಮನೆಯವರನ್ನು ಕೇಳಿದರಾಯಿತು.